ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಸಿಗ್ತಿಲ್ವಾ? ರೀಸ್ಟಾರ್ಟ್ ಮಾಡುವ ಮುಂಚೆ ಇದನ್ನು ಓದಿ

ತೀರ್ಥಹಳ್ಳಿಯಲ್ಲಿ ನನ್ನ ಗೆಳೆಯನದ್ದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಶಾಲೆ ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ಮಾಡುವುದು, ಎಲ್ಲ ಅಲ್ಲೇ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ನಾಲ್ಕು ಕ್ಯಾಮೆರಾದ ಒಂದು ಡಿವಿಆರ್ (ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡುವ ಡಬ್ಬಿ), ಫೈಬರ್ ಬಾಕ್ಸ್ ಒಂದು (ಇಂಟರ್ನೆಟ್ ತರುವ ರೂಟರ್ ಅದೇ), ಎಲ್ಲರ ಕೇಬಲ್ ಬಂದು ಸೇರುವ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ ಒಂದು. ಅಷ್ಟೇ ಸಂಸಾರ. ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿದ. "ಮಾರಾಯ, ಪ್ರಿಂಟರ್ ಮತ್ತೆ ಆಫ್‌ಲೈನ್ ಅಂತಿದೆ. ಎಲ್ಲ ಆಫ್ ಮಾಡಿ ಆನ್ ಮಾಡಿದೆ. ಜನ ನಿಂತಿದ್ದಾರೆ."

ಈ "ಎಲ್ಲ ಆಫ್ ಮಾಡಿ ಆನ್ ಮಾಡಿದೆ" ಅನ್ನುವ ಮಾತು ಕೇಳಿದರೆ ನನಗೆ ಸಣ್ಣಗೆ ತಲೆನೋವು ಶುರುವಾಗುತ್ತದೆ. ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ಸುಳ್ಳಲ್ಲ. ಆದರೆ ಯಾಕೆ ಕೆಟ್ಟಿತ್ತು ಅನ್ನುವುದಕ್ಕೆ ಇದ್ದ ಸಾಕ್ಷಿಯೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ. ಅವನ ಅಂಗಡಿಯಲ್ಲಿ ಆಗಿದ್ದೂ ಅದೇ, ಎರಡು ತಿಂಗಳಲ್ಲಿ ನಾಲ್ಕನೇ ಸಲ. ಆ ದಿನ ಫೋನಿನಲ್ಲೇ ಒಂದೊಂದಾಗಿ ಹುಡುಕಿಸಿದೆ. ಕಳ್ಳ ಸಿಕ್ಕಿದ. ಅದು ಯಾರು ಅಂತ ಆರನೇ ಹಂತದಲ್ಲಿ ಹೇಳುತ್ತೇನೆ, ಯಾಕೆಂದರೆ ಅಲ್ಲಿಯವರೆಗೂ ನನಗೂ ಗೊತ್ತಿರಲಿಲ್ಲ.

ಪ್ರಿಂಟರ್ ಅಂತ ಹೇಳುತ್ತಿದ್ದೇನೆ, ಆದರೆ ಕ್ಯಾಮೆರಾ, ಡಿವಿಆರ್, ಟಿವಿ, ಶೇರ್ ಮಾಡಿದ ಫೋಲ್ಡರ್ ಇರುವ ಕಂಪ್ಯೂಟರ್, ಯಾವುದಾದರೂ ಹುಡುಕುವ ದಾರಿ ಒಂದೇ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ.

ಹಂತ 1: ಯಾರಿಗೆ ಯಾರು ಸಿಗುತ್ತಿಲ್ಲ?

ಏನನ್ನೂ ಮುಟ್ಟುವ ಮುಂಚೆ ಒಂದು ಚೀಟಿ ತೆಗೆದುಕೊಂಡು ಇಷ್ಟು ಬರೆದುಕೊಳ್ಳಿ. ಪ್ರಿಂಟರ್ ಒಂದು ಕಂಪ್ಯೂಟರಿಗೆ ಮಾತ್ರ ಸಿಗುತ್ತಿಲ್ಲವೋ, ಎಲ್ಲದಕ್ಕೂ ಸಿಗುತ್ತಿಲ್ಲವೋ? ಆ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬರುತ್ತಿದೆಯೋ? ನಿನ್ನೆ ಮೊನ್ನೆ ಏನಾದರೂ ಬದಲಾಗಿದೆಯೋ: ವೈಫೈ ಪಾಸ್‌ವರ್ಡ್, ಹೊಸ ರೂಟರ್, ಹೊಸ ಕ್ಯಾಮೆರಾ, ಕರೆಂಟ್ ಹೋಗಿ ಬಂದಿದ್ದು, ಸಿಡಿಲು ಬಡಿದಿದ್ದು?

ಒಂದೇ ಕಂಪ್ಯೂಟರಿಗೆ ಸಿಗುತ್ತಿಲ್ಲ, ಉಳಿದವಕ್ಕೆ ಸಿಗುತ್ತಿದೆ ಅಂದರೆ ಪ್ರಿಂಟರ್ ಹತ್ತಿರ ಹೋಗಲೇಬೇಡಿ, ತೊಂದರೆ ಹೆಚ್ಚಾಗಿ ಆ ಕಂಪ್ಯೂಟರಿನ ಕಡೆಯಲ್ಲೇ ಇರುತ್ತದೆ. ಯಾರಿಗೂ ಸಿಗುತ್ತಿಲ್ಲ ಅಂದರೆ ಪ್ರಿಂಟರಿನಿಂದ ಶುರು ಮಾಡಿ. ಯಾರಿಗೂ ಯಾರೂ ಸಿಗುತ್ತಿಲ್ಲ ಅಂದರೆ ಸ್ವಿಚ್ಚೋ ರೂಟರೋ ಕೈಕೊಟ್ಟಿದೆ. ಮೊಬೈಲಿನಲ್ಲಿ ಪರೀಕ್ಷೆ ಮಾಡುವವರು ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ವೈಫೈ ಬಿಟ್ಟುಹೋಗಿರುತ್ತದೆ, ಇಂಟರ್ನೆಟ್ ಸಿಮ್ಮಿನಿಂದ ಬರುತ್ತಿರುತ್ತದೆ, ನೀವು "ವೈಫೈ ಸರಿ ಇದೆ" ಅಂದುಕೊಂಡು ಅರ್ಧ ಗಂಟೆ ಕಳೆಯುತ್ತೀರಿ. ನಾನೂ ಕಳೆದಿದ್ದೇನೆ.

ಹಂತ 2: ಕಣ್ಣಿಗೆ ಕಾಣುವುದನ್ನು ಮೊದಲು ನೋಡಿ

ಕೇಬಲ್ ಚುಚ್ಚಿದ ಜಾಗದಲ್ಲಿ, ಪ್ರಿಂಟರ್ ಕಡೆಯಲ್ಲೂ ಸ್ವಿಚ್ ಕಡೆಯಲ್ಲೂ, ಪುಟ್ಟ ಲೈಟ್ ಇರುತ್ತದೆ. ಅದು ಉರಿಯುತ್ತಿದ್ದರೆ ಎರಡೂ ತುದಿ ಒಂದನ್ನೊಂದು ಗುರುತಿಸಿವೆ ಅಂತ ಅರ್ಥ. ಉರಿಯುತ್ತಿಲ್ಲ ಅಂದರೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ, ಸಾಫ್ಟ್‌ವೇರಿನಲ್ಲಿ ತಲೆ ಚಚ್ಚಿಕೊಂಡು ಪ್ರಯೋಜನವಿಲ್ಲ.

ಲೈಟ್ ಇಲ್ಲದಿದ್ದರೆ ಅದೇ ಕೇಬಲನ್ನು ಸ್ವಿಚ್ಚಿನ ಬೇರೆ ಪೋರ್ಟಿಗೆ, ಈಗ ಚೆನ್ನಾಗಿ ಓಡುತ್ತಿರುವ ಪೋರ್ಟಿಗೆ ಹಾಕಿ ನೋಡಿ. ಬಂತಾ? ಪೋರ್ಟ್ ಹೋಗಿದೆ. ಬರಲಿಲ್ವಾ? ಓಡುತ್ತಿರುವ ಬೇರೆ ಕೇಬಲ್ ತಂದು ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ನಮ್ಮ ಕಡೆ ಕೇಬಲ್ ಹಾಳಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಇಲಿ ಕಡಿದಿರುತ್ತದೆ, ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದು ಸಡಿಲವಾಗಿರುತ್ತದೆ, ಇಲ್ಲವೇ ಮೇಜು ಎಳೆದಾಡುವಾಗ ಕಾಲಿನ ಕೆಳಗೆ ಸಿಕ್ಕಿರುತ್ತದೆ.

ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೇ ತಂತಿಗಳು ಸಾಕು, ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಹಾಗಾಗಿ ಒಂದು ತಂತಿ ಹೋದರೂ ಕೆಲವೊಮ್ಮೆ ಲೈಟ್ ಉರಿಯುತ್ತದೆ, ನಿಧಾನವಾಗಿ ಓಡುತ್ತದೆ, ಮಧ್ಯೆ ಮಧ್ಯೆ ಬಿಟ್ಟುಹೋಗುತ್ತದೆ. ಒಂದು ಎಳೆಯ ಉದ್ದ 100 ಮೀಟರ್ ದಾಟಬಾರದು. ಅಂಗಡಿಯಿಂದ ಹಿಂದಿನ ಗೋಡೌನಿಗೆ ಸುತ್ತು ಹಾಕಿ ಎಳೆದವರು ಇದನ್ನು ಮರೆಯುತ್ತಾರೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಹೊರಗಡೆಯ ಕ್ಯಾಮೆರಾದಿಂದ ಒಳಗೆ ಬಂದ ಕೇಬಲ್ ಸಿಡಿಲಿಗೆ ಹಾಸಿಟ್ಟ ಚಾಪೆ ಇದ್ದಂತೆ. ನೇರವಾಗಿ ಬಡಿಯಬೇಕು ಅಂತಿಲ್ಲ, ಹತ್ತಿರದಲ್ಲಿ ಬಿದ್ದರೂ ಕೇಬಲಿನಲ್ಲಿ ಹುಟ್ಟುವ ವೋಲ್ಟೇಜಿಗೆ ಸ್ವಿಚ್ಚಿನ ಒಂದೆರಡು ಪೋರ್ಟ್ ಸುಟ್ಟುಹೋಗುತ್ತವೆ. ಉಳಿದ ಪೋರ್ಟ್‌ಗಳು ಏನೂ ಆಗದಂತೆ ಓಡುತ್ತಿರುತ್ತವೆ, ಅದರಿಂದಲೇ ಜನ ಮೋಸ ಹೋಗುವುದು. ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಲದು, ಆ ಕೇಬಲನ್ನೂ ಕೀಳಿ.

ವೈಫೈ ಪ್ರಿಂಟರ್ ಆದರೆ ನೋಡಬೇಕಾದ್ದು ಬೇರೆ. ಅದರ ಪರದೆಯಲ್ಲಿ ಅಥವಾ ಸೆಟ್ಟಿಂಗ್ಸ್‌ನಲ್ಲಿ ಯಾವ ವೈಫೈ ಹೆಸರಿಗೆ ಸೇರಿದೆ ನೋಡಿ. ಹಳೆಯ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, 5 ಹಿಡಿಯುವುದೇ ಇಲ್ಲ. ಹೊಸ ರೂಟರಿನಲ್ಲಿ ಭದ್ರತೆಯನ್ನು ಡಬ್ಲ್ಯೂಪಿಎ3 ಮಾತ್ರ ಅಂತ ಇಟ್ಟಿದ್ದರೆ ಹಳೆಯ ಪ್ರಿಂಟರ್ ಸೇರುವುದೇ ಇಲ್ಲ. ಡಬ್ಲ್ಯೂಪಿಎ2 ಮತ್ತು 3 ಎರಡೂ ಇರುವ ಆಯ್ಕೆಗೆ, ಅದೂ ಆಗದಿದ್ದರೆ 2ಕ್ಕೆ ಇಳಿಸಿ.

ಹಂತ 3: ನಿಮ್ಮ ಕಂಪ್ಯೂಟರಿನ ವಿಳಾಸ ನೋಡಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಹೊಡೆಯಿರಿ, ಮಧ್ಯೆ ಜಾಗ ಬಿಡಬೇಡಿ. ಮ್ಯಾಕ್‌ನಲ್ಲಿ ಐಎಫ್‌ಕಾನ್ಫಿಗ್, ಲಿನಕ್ಸ್‌ನಲ್ಲಿ ಐಪಿ ಸ್ಪೇಸ್ ಎ. ವಿಂಡೋಸ್‌ನಲ್ಲಿ ಬರುವ ಸಾಲುಗಳಲ್ಲಿ ನಮಗೆ ಬೇಕಾದ್ದು ಮೂರೇ: ಐಪಿವಿ4 ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ನಿಮ್ಮ ಕಂಪ್ಯೂಟರಿನ ವಿಳಾಸ, ಐಪಿ ಅನ್ನುವುದು ಇದನ್ನೇ), ಸಬ್‌ನೆಟ್ ಮಾಸ್ಕ್, ಡಿಫಾಲ್ಟ್ ಗೇಟ್‌ವೇ. ಮ್ಯಾಕ್, ಲಿನಕ್ಸ್‌ನ ಆ ಕಮಾಂಡ್‌ಗಳು ಗೇಟ್‌ವೇ ತೋರಿಸುವುದಿಲ್ಲ, ಮಾಸ್ಕನ್ನೂ ಬೇರೆ ರೂಪದಲ್ಲಿ ತೋರಿಸುತ್ತವೆ. ಗೇಟ್‌ವೇ ಅಂದರೆ ನಿಮ್ಮ ರೂಟರ್.

ಮನೆ, ಅಂಗಡಿಯ ವಿಳಾಸ ಸಾಮಾನ್ಯವಾಗಿ 192.168ರಿಂದ ಶುರುವಾಗುತ್ತದೆ, ಕೆಲವು ಕಡೆ 10ರಿಂದ. ಮಾಸ್ಕ್ 255.255.255.0 ಇದ್ದರೆ ಮೊದಲ ಮೂರು ಸಂಖ್ಯೆ ಬೀದಿಯ ಹೆಸರು, ಕೊನೆಯದು ಮನೆ ನಂಬರ್ ಅಂದುಕೊಳ್ಳಿ. ಒಂದು ಬೀದಿಯಲ್ಲಿ 254 ಮನೆ.

ವಿಳಾಸ 169.254ರಿಂದ ಶುರುವಾದರೆ ಅಲ್ಲೇ ನಿಲ್ಲಿ. ಅದನ್ನು ಯಾರೂ ಕೊಟ್ಟಿದ್ದಲ್ಲ. ಕಂಪ್ಯೂಟರ್ "ವಿಳಾಸ ಕೊಡಿ" ಅಂತ ಕೂಗಿದೆ, ರೂಟರ್ ಉತ್ತರ ಕೊಟ್ಟಿಲ್ಲ, ಕಾದು ಕಾದು ತಾನೇ ಒಂದನ್ನು ಇಟ್ಟುಕೊಂಡಿದೆ. ವಿಳಾಸ ಹಂಚುವ ಈ ಏರ್ಪಾಡಿಗೆ ಡಿಎಚ್‌ಸಿಪಿ ಅಂತ ಹೆಸರು. ಕಂಪ್ಯೂಟರಿಗೆ ಅಷ್ಟೇ ಅಲ್ಲ, ಪ್ರಿಂಟರಿಗೂ ಹೀಗಾಗುತ್ತದೆ. ಕರೆಂಟ್ ಹೋಗಿ ಬಂದಾಗ ಪ್ರಿಂಟರ್ ಅರ್ಧ ನಿಮಿಷದಲ್ಲಿ ಎದ್ದು ವಿಳಾಸ ಕೇಳುತ್ತದೆ, ಫೈಬರ್ ಬಾಕ್ಸ್ ಪೂರ್ತಿ ಏಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಕೇಳಿದಾಗ ಕೊಡುವವರೇ ಇಲ್ಲ. ರೂಟರ್ ಪೂರ್ತಿ ಎದ್ದ ಮೇಲೆ ಪ್ರಿಂಟರ್ ಒಂದನ್ನೇ ಆಫ್ ಮಾಡಿ ಆನ್ ಮಾಡಿದರೆ ಇದು ಸರಿಹೋಗುತ್ತದೆ. ರೂಟರನ್ನು ಸಣ್ಣ ಯುಪಿಎಸ್‌ಗೆ ಹಾಕಿದರೆ ಈ ಗೋಳೇ ಇಲ್ಲ.

ಹಂತ 4: ಪ್ರಿಂಟರಿನ ವಿಳಾಸವನ್ನು ಪ್ರಿಂಟರಿಗೇ ಕೇಳಿ

ನೆನಪಿನಿಂದ ಹೇಳಬೇಡಿ, ಕಂಪ್ಯೂಟರಿನಲ್ಲಿ ಉಳಿದಿರುವುದನ್ನೂ ನಂಬಬೇಡಿ. ಕಂಪ್ಯೂಟರಿಗೆ ಗೊತ್ತಿರುವುದು ಹಳೆಯ ವಿಳಾಸ ಇರಬಹುದು, ಅಸಲಿಗೆ ಅದೇ ರೋಗ ಇರಬಹುದು. ಪರದೆ ಇರುವ ಪ್ರಿಂಟರಿನಲ್ಲಿ ನೆಟ್‌ವರ್ಕ್ ಮೆನು ನೋಡಿ. ಪರದೆ ಇಲ್ಲದಿದ್ದರೆ ನೆಟ್‌ವರ್ಕ್ ವಿವರದ ಒಂದು ಹಾಳೆ ಪ್ರಿಂಟ್ ಮಾಡಿಸುವ ಗುಂಡಿ ಇರುತ್ತದೆ, ಯಾವುದನ್ನು ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಒಂದೊಂದು ಮಾಡೆಲಿಗೆ ಒಂದೊಂದು ಥರ. ಡಿವಿಆರ್ ಆದರೆ ಅದಕ್ಕೇ ಮಾನಿಟರ್ ಸಿಕ್ಕಿಸಿ ಮೆನುವಿನಲ್ಲಿ ನೋಡಿ. ಜೊತೆಗೆ ಮ್ಯಾಕ್ ಅಡ್ರೆಸ್ ಅಂತ ಆರು ಜೋಡಿ ಅಕ್ಷರ ಅಂಕೆಗಳು ಇರುತ್ತವೆ (ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ, ಡಿವೈಸ್ ತಯಾರಿಸುವಾಗಲೇ ಕೊಟ್ಟ ಗುರುತು ಇದು), ಎಷ್ಟೋ ಸಲ ಹಿಂದಿನ ಸ್ಟಿಕ್ಕರ್ ಮೇಲೂ ಇರುತ್ತದೆ. ಅದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಎರಡು ವಿಳಾಸವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೊದಲ ಮೂರು ಸಂಖ್ಯೆ ಒಂದೇ ಇದೆಯಾ?

ಇಲ್ಲ ಅಂದರೆ, ಕಂಪ್ಯೂಟರ್ 192.168.1.12, ಪ್ರಿಂಟರ್ 192.168.0.20 ಅನ್ನೋ ಥರ ಇದ್ದರೆ, ನಿಮ್ಮಲ್ಲಿ ಒಂದರ ಹಿಂದೆ ಒಂದು ಎರಡು ರೂಟರ್ ಇರುವ ಸಾಧ್ಯತೆಯೇ ಜಾಸ್ತಿ. ಈಗ ಮನೆಮನೆಯ ಕಥೆ ಇದು. ಫೈಬರ್ ಹಾಕಿದವರು ಕೊಟ್ಟ ಬಾಕ್ಸಿನಲ್ಲೇ ವೈಫೈ ಇರುತ್ತದೆ. ಸಿಗ್ನಲ್ ಸಾಲಲ್ಲ ಅಂತ ನೀವೊಂದು ರೂಟರ್ ತಂದು, ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ) ಬಾಕ್ಸಿನ ಕೇಬಲ್ ಹಾಕುತ್ತೀರಿ. ಇಂಟರ್ನೆಟ್ ಎರಡರಲ್ಲೂ ಬರುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ಆದರೆ ಈಗ ನಿಮ್ಮ ಮನೆಯಲ್ಲಿ ಎರಡು ಬೀದಿ. ಒಳಗಿನ ರೂಟರಿನ, ಅಂದರೆ ನೀವು ತಂದದ್ದರ, ಬೀದಿಯವರು ಬಾಕ್ಸಿನ ಹೊರಗಿನ ಬೀದಿಗೆ ಹೋಗಿ ಬರಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ಲ್ಯಾಪ್‌ಟಾಪ್ ಬಾಕ್ಸಿನ ವೈಫೈಗೆ, ಪ್ರಿಂಟರ್ ಒಳಗಿನ ರೂಟರಿಗೆ ಸೇರಿದ್ದರೆ ಸಿಗುವುದಿಲ್ಲ. ಲ್ಯಾಪ್‌ಟಾಪ್ ಹಿಡಿದು ಒಳಕೋಣೆಗೆ ಹೋದಾಗ ಅದು ಒಳಗಿನ ರೂಟರಿನ ವೈಫೈ ಹಿಡಿಯುತ್ತದೆ, ಪ್ರಿಂಟರ್ ತಾನಾಗಿಯೇ ಸಿಗುತ್ತದೆ. "ಒಳಗೆ ಹೋದರೆ ಪ್ರಿಂಟ್ ಆಗುತ್ತೆ, ಹಾಲಿನಲ್ಲಿ ಆಗಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಎಷ್ಟು ರೂಟರ್ ಇದೆ ಅಂತ.

ಪರಿಹಾರ: ಎರಡನೇ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ಬೀದಿ ಮಾಡದೆ ವೈಫೈ ಮಾತ್ರ ಹರಡುವುದು) ಇದ್ದರೆ ಅದನ್ನು ಆನ್ ಮಾಡಿ, ಕೆಲಸ ಮುಗಿಯಿತು. ಆ ಆಯ್ಕೆ ಇಲ್ಲದಿದ್ದರೆ ಕೈಯಾರೆ ಮಾಡಬೇಕು, ಕ್ರಮ ತಪ್ಪಬಾರದು. ಮೊದಲು ಎರಡನೇ ರೂಟರಿನ ಲ್ಯಾನ್ ವಿಳಾಸವನ್ನು (ಒಳಗಿನ ನೆಟ್‌ವರ್ಕ್ ಕಡೆಯದು) ಬಾಕ್ಸಿನ ಬೀದಿಯಲ್ಲಿ ಖಾಲಿ ಇರುವ ಒಂದು ನಂಬರಿಗೆ, 192.168.1.2 ಅಂತ ಇಟ್ಟುಕೊಳ್ಳಿ, ಬದಲಾಯಿಸಿ. ವಿಳಾಸ ಬದಲಾದ ಕೂಡಲೇ ಹಳೆಯ ಪುಟ ನಿಂತುಹೋಗುತ್ತದೆ, ಗಾಬರಿ ಬೇಡ, ಹೊಸ ವಿಳಾಸದಲ್ಲಿ ಮತ್ತೆ ಒಳಗೆ ಹೋಗಿ. ಆಮೇಲೆ ಅದರ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೇಬಲನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಾಯಿಸಿದರೆ ಒಂದೇ ಬೀದಿಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ, ಆಮೇಲೆ ಯಾರಿಗೆ ಯಾವ ವಿಳಾಸ ಬರುತ್ತದೋ ದೇವರೇ ಬಲ್ಲ.

ಹಂತ 5: ಪಿಂಗ್, ಆದರೆ ಉತ್ತರವನ್ನು ಓದಿ

ಪಿಂಗ್ ಬರೆದವರು ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್, 1983ರ ಡಿಸೆಂಬರಿನಲ್ಲಿ. ಸಬ್‌ಮರೀನ್‌ಗಳು ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಹಾಗೆ ಇದು ನೆಟ್‌ವರ್ಕ್‌ನಲ್ಲಿ ಕೂಗಿ ಉತ್ತರಕ್ಕೆ ಕಾಯುತ್ತದೆ. ಕೈಕೊಟ್ಟ ನೆಟ್‌ವರ್ಕ್ ಒಂದನ್ನು ಹುಡುಕಲು ಅಂತ ಕೂತು ಬರೆದರು, ಬರೆದು ಮೊದಲ ಪಿಂಗ್ ಕಳಿಸುವಷ್ಟರಲ್ಲಿ ಜೊತೆಯವರು ಆ ತೊಂದರೆಯನ್ನು ಹುಡುಕಿ ಸರಿ ಮಾಡಿಬಿಟ್ಟಿದ್ದರಂತೆ. ಆದರೂ 40 ವರ್ಷದಿಂದ ನಾವು ಅದನ್ನೇ ಬಳಸುತ್ತಿದ್ದೇವೆ.

ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು ಪಿಂಗ್ ಅಂತ ಹೊಡೆದು ಸ್ಪೇಸ್ ಬಿಟ್ಟು ರೂಟರಿನ ವಿಳಾಸ, ಉದಾಹರಣೆಗೆ 192.168.1.1. ಉತ್ತರ ಬಂದರೆ ನಿಮ್ಮ ಕಂಪ್ಯೂಟರ್, ಅದರ ಕೇಬಲ್ ಅಥವಾ ವೈಫೈ ಸರಿ ಇದೆ. ಆಮೇಲೆ ಪ್ರಿಂಟರಿನ ವಿಳಾಸ. ವಿಂಡೋಸ್ ನಾಲ್ಕು ಸಲ ಕಳಿಸಿ ನಿಲ್ಲಿಸುತ್ತದೆ. ನಿಲ್ಲದೆ ಕಳಿಸುತ್ತಿರಬೇಕು ಅಂದರೆ ಕೊನೆಯಲ್ಲಿ ಸ್ಪೇಸ್ ಬಿಟ್ಟು ಅಡ್ಡಗೆರೆ (ಹೈಫನ್) ಮತ್ತು ಟಿ ಸೇರಿಸಿ. ಅದನ್ನು ಓಡಲು ಬಿಟ್ಟು ಕೇಬಲ್ ಅಲ್ಲಾಡಿಸಿ ನೋಡಬಹುದು.

ಉತ್ತರ ಬರದಿದ್ದಾಗ ಎಲ್ಲರೂ "ಪಿಂಗ್ ಆಗ್ತಿಲ್ಲ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಪರದೆಯ ಮೇಲೆ ಬರುವ ಮಾತು ಎರಡು ಥರ ಇರುತ್ತದೆ, ಎರಡಕ್ಕೂ ಅಜಗಜಾಂತರ.

"ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ಅಂತ ಬಂದರೆ ಅದೇ ಸಾಲಿನ ಶುರುವಿನಲ್ಲಿ "ರಿಪ್ಲೈ ಫ್ರಮ್" ಅಂತ ಇರುತ್ತದೆ, ಅದರ ಮುಂದಿನ ವಿಳಾಸ ಯಾರದ್ದು ನೋಡಿ. ಬಹಳ ಸಲ ಅದು ನಿಮ್ಮ ಕಂಪ್ಯೂಟರಿನದ್ದೇ. ಅಂದರೆ ಪ್ರಿಂಟರ್ ಏನೂ ಹೇಳಿಲ್ಲ. ನಿಮ್ಮ ಕಂಪ್ಯೂಟರ್ ಬೀದಿಯಲ್ಲಿ ನಿಂತು "ಇಪ್ಪತ್ತನೇ ಮನೆಯವರು ಯಾರ್ರೀ?" ಅಂತ ಕೂಗಿದೆ, ಯಾರೂ ಓಗೊಟ್ಟಿಲ್ಲ, ವಾಪಸ್ ಬಂದು ನಿಮಗೆ ಹೇಳುತ್ತಿದೆ. ಪ್ರಿಂಟರ್ ಆಫ್ ಆಗಿದೆ, ಕೇಬಲ್ ಬಿಟ್ಟಿದೆ, ವೈಫೈನಿಂದ ಹೊರಬಿದ್ದಿದೆ, ಇಲ್ಲವೇ ಅದರ ವಿಳಾಸ ಬದಲಾಗಿದೆ. ಫೈರ್‌ವಾಲ್ (ಬೇಡದವರನ್ನು ತಡೆಯುವ ಕಾವಲು ಸಾಫ್ಟ್‌ವೇರ್) ಹುಡುಕಲು ಹೋಗಬೇಡಿ.

"ರಿಕ್ವೆಸ್ಟ್ ಟೈಮ್ಡ್ ಔಟ್" ಅಂದರೆ ಕಳಿಸಿದ್ದು ಹೋಗಿದೆ, ಉತ್ತರ ಬಂದಿಲ್ಲ. ಆ ಕಡೆಯವರು ಇದ್ದೂ ಮಾತಾಡುತ್ತಿಲ್ಲದಿರಬಹುದು. ವಿಂಡೋಸ್ ಕಂಪ್ಯೂಟರಿನ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದೆ ಸುಮ್ನೆ ಕೂರುವುದು ಮಾಮೂಲಿ. ಇಲ್ಲವೇ ನೀವು ಬೇರೆ ಬೀದಿಯ ವಿಳಾಸ ಹೊಡೆದಿದ್ದೀರಿ, ಅದು ರೂಟರ್ ದಾಟಿ ಇಂಟರ್ನೆಟ್ ಕಡೆಗೆ ಹೊರಟು ಎಲ್ಲೋ ಕಳೆದುಹೋಗಿದೆ.

ಗೆಳೆಯನಿಗೆ 192.168.1.20ಕ್ಕೆ ಪಿಂಗ್ ಮಾಡು ಅಂದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು, ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ. "ಪಿಂಗ್ ಆಗ್ತಿದೆಯಲ್ಲೋ, ಮತ್ತೆ ಪ್ರಿಂಟ್ ಯಾಕಾಗಲ್ಲ?" ಅಂದ. ನನಗೂ ಅದೇ ಪ್ರಶ್ನೆ.

ಹಂತ 6: ಉತ್ತರ ಕೊಟ್ಟಿದ್ದು ಯಾರು?

ಬೀದಿಯಲ್ಲಿ ಕೂಗುವ ಆ ಪದ್ಧತಿಗೆ ಎಆರ್‌ಪಿ ಅಂತ ಹೆಸರು, 1982ರಿಂದ ಇದೆ. ಐಪಿ ಅಡ್ರೆಸ್ ಹಿಡಿದು ಮ್ಯಾಕ್ ಅಡ್ರೆಸ್ ಕೇಳುವುದು ಅದರ ಕೆಲಸ. ಬಂದ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಆ ಪಟ್ಟಿ ನೋಡಲು ಎಆರ್‌ಪಿ ಅಂತ ಮೂರಕ್ಷರ, ಸ್ಪೇಸ್, ಅಡ್ಡಗೆರೆ, ಎ. ಫೈರ್‌ವಾಲ್ ಪಿಂಗನ್ನು ತಡೆಯಬಹುದು, ಆದರೆ ಒಂದೇ ಬೀದಿಯಲ್ಲಿ ಇರುವವರು ಈ ಕೂಗಿಗೆ ಓಗೊಡಲೇಬೇಕು, ಇಲ್ಲದಿದ್ದರೆ ಅವರಿಗೆ ಯಾರೂ ಏನೂ ಕಳಿಸಲಾಗದು. ಹಾಗಾಗಿ ಪಿಂಗ್ ಸೋತರೂ ಪಟ್ಟಿಯಲ್ಲಿ ಆ ವಿಳಾಸದ ಎದುರು ಮ್ಯಾಕ್ ಬಂದಿದೆ ಅಂದರೆ ಡಿವೈಸ್ ಜೀವಂತ ಇದೆ, ಬೀದಿಯಲ್ಲೇ ಇದೆ.

ಗೆಳೆಯನಿಗೆ ಆ ಪಟ್ಟಿ ತೆಗೆಸಿದೆ. 192.168.1.20ರ ಎದುರು ಇರುವ ಮ್ಯಾಕ್ ಓದು, ಪ್ರಿಂಟರ್ ಹಿಂದಿನ ಸ್ಟಿಕ್ಕರ್ ಮೇಲಿರುವುದನ್ನೂ ಓದು ಅಂದೆ. ಎರಡೂ ಬೇರೆ. "ಸರಿಯಾಗಿ ನೋಡಿ ಓದೋ" ಅಂದೆ. ಮತ್ತೆ ಓದಿದ, ಬೇರೆಯೇ. ಆಗ ಪ್ರಿಂಟರಿನ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೋ, ಮತ್ತೆ ಪಿಂಗ್ ಮಾಡು ಅಂದೆ.

ಉತ್ತರ ಬಂತು. ಕೇಬಲ್ ಅವನ ಕೈಯಲ್ಲಿ, ಪ್ರಿಂಟರ್ ಒಂಟಿಯಾಗಿ ಕೂತಿದೆ, ಉತ್ತರ ಮಾತ್ರ ಬರುತ್ತಿದೆ. ಡಿವಿಆರ್ ಕೇಬಲ್ ಕೀಳಿಸಿದೆ. ಉತ್ತರ ನಿಂತಿತು.

ಎರಡು ತಿಂಗಳ ಹಿಂದೆ ಕ್ಯಾಮೆರಾ ಹಾಕಿದವರು ಡಿವಿಆರ್‌ಗೆ ಕೈಯಾರೆ 192.168.1.20 ಅಂತ ಕೊಟ್ಟು ಹೋಗಿದ್ದರು. ಪ್ರಿಂಟರಿಗೆ ಅದಕ್ಕೂ ಮುಂಚೆ ಇನ್ನೊಬ್ಬರು ಅದೇ ನಂಬರ್ ಕೊಟ್ಟಿದ್ದರು. ಒಂದೇ ಮನೆ ನಂಬರ್, ಎರಡು ಮನೆ. ಬೆಳಿಗ್ಗೆ ಕಂಪ್ಯೂಟರ್ ಕೂಗಿದಾಗ ಇಬ್ಬರೂ ಓಗೊಡುತ್ತಾರೆ, ಯಾರ ಉತ್ತರ ನೆನಪಿನಲ್ಲಿ ಉಳಿಯಿತೋ ಅವರ ಮನೆಗೆ ಟಪಾಲು. ಪ್ರಿಂಟರಿನದ್ದು ಉಳಿದ ದಿನ ಎಲ್ಲ ಸಲೀಸು, ಡಿವಿಆರ್‌ನದ್ದು ಉಳಿದ ದಿನ ಪಹಣಿಯೆಲ್ಲ ಕ್ಯಾಮೆರಾ ಡಬ್ಬಿಯ ಬಾಗಿಲಿಗೆ ಹೋಗಿ ವಾಪಸ್. ಎಲ್ಲ ಆಫ್ ಮಾಡಿ ಆನ್ ಮಾಡಿದಾಗ ಕೆಲವೊಮ್ಮೆ ಸರಿಹೋಗುತ್ತಿದ್ದುದೂ ಅದಕ್ಕೇ, ಪ್ರತಿ ಸಲ ಹೊಸದಾಗಿ ಲಾಟರಿ ಎತ್ತಿದ ಹಾಗೆ.

ಡಿವಿಆರ್‌ಗೆ ಬೇರೆ ನಂಬರ್ ಕೊಡಿಸಿದೆ. ಆಮೇಲೆ ಈ ತೊಂದರೆಗೆ ಫೋನ್ ಬಂದಿಲ್ಲ. ನಿಮ್ಮಲ್ಲೂ "ಒಂದು ದಿನ ಬರುತ್ತೆ, ಒಂದು ದಿನ ಬರಲ್ಲ" ಅನ್ನೋ ಥರ ಇದ್ದರೆ ಈ ಕೇಬಲ್ ಕೀಳುವ ಪರೀಕ್ಷೆಯನ್ನೇ ಮೊದಲು ಮಾಡಿ. ಹತ್ತು ಸೆಕೆಂಡಿನ ಕೆಲಸ.

ಹಂತ 7: ಡಿವೈಸ್ ಸಿಗುತ್ತದೆ, ಕೆಲಸ ಮಾತ್ರ ಆಗುವುದಿಲ್ಲ

ಮ್ಯಾಕ್ ಸರಿ ಇದೆ, ಪಿಂಗ್ ಬರುತ್ತಿದೆ, ಆದರೂ ಪ್ರಿಂಟ್ ಇಲ್ಲ ಅಂದರೆ ಬಾಗಿಲು ನೋಡಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ನಂಬರಿನ ಬಾಗಿಲು, ಇದಕ್ಕೂ ಪೋರ್ಟ್ ಅಂತಲೇ ಹೆಸರು, ಕೇಬಲ್ ಚುಚ್ಚುವ ಪೋರ್ಟ್ ಅಲ್ಲ. ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ 9100ನೇ ಪೋರ್ಟ್, ಕೆಲವದರಲ್ಲಿ 631 ಅಥವಾ 515. ವಿಂಡೋಸ್ ಫೋಲ್ಡರ್ ಶೇರಿಂಗ್‌ಗೆ 445, ಕ್ಯಾಮೆರಾ ವಿಡಿಯೋಗೆ ಹೆಚ್ಚಾಗಿ 554. ಪವರ್‌ಶೆಲ್ ತೆರೆದು ಟಿಎನ್‌ಸಿ, ಸ್ಪೇಸ್, ವಿಳಾಸ, ಸ್ಪೇಸ್, ಅಡ್ಡಗೆರೆಗೆ ಅಂಟಿಸಿ ಪೋರ್ಟ್, ಸ್ಪೇಸ್, 9100 ಅಂತ ಹೊಡೆಯಿರಿ. ಕೊನೆಯ ಸಾಲಿನಲ್ಲಿ ಟ್ರೂ ಅಂತ ಬಂದರೆ ಬಾಗಿಲು ತೆರೆದಿದೆ, ಫಾಲ್ಸ್ ಅಂದರೆ ಮುಚ್ಚಿದೆ.

ಬಾಗಿಲು ತೆರೆದಿದ್ದೂ ಪ್ರಿಂಟ್ ಬರದಿದ್ದರೆ ತೊಂದರೆ ಕಂಪ್ಯೂಟರಿನ ಪ್ರಿಂಟರ್ ಸೆಟ್ಟಿಂಗ್ಸ್‌ನಲ್ಲಿ. ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಟ್ಯಾಬ್ ನೋಡಿ. ಟಿಕ್ ಆಗಿರುವ ಸಾಲಿನಲ್ಲಿ ಹಳೆಯ ಐಪಿ ಕೂತಿದೆಯಾ? ಡಬ್ಲ್ಯೂಎಸ್‌ಡಿ ಅಂತ ಇದೆಯಾ? ಈ ಡಬ್ಲ್ಯೂಎಸ್‌ಡಿ ಅನ್ನುವುದು ವಿಂಡೋಸ್ ತಾನೇ ಹುಡುಕಿ ಸೇರಿಸಿಕೊಂಡ ದಾರಿ, ಹಾಕುವಾಗ ಸುಲಭ, ನನ್ನ ಅನುಭವದಲ್ಲಿ ಕೈಕೊಡುವುದೂ ಸುಲಭ. ಆಡ್ ಪೋರ್ಟ್ ಒತ್ತಿ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಆರಿಸಿ ವಿಳಾಸವನ್ನು ಕೈಯಾರೆ ಕೊಡಿ. ಅದೂ ಆಗಿ, ಪ್ರಿಂಟರ್ ಎದುರಿಗೇ ಹಸಿರು ಲೈಟ್ ಹಾಕಿಕೊಂಡು ಕೂತಿದ್ದರೂ ವಿಂಡೋಸ್ ಆಫ್‌ಲೈನ್ ಅಂತಲೇ ಹಠ ಹಿಡಿದರೆ, ಅದೇ ಟ್ಯಾಬಿನಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿ ಎಸ್‌ಎನ್‌ಎಂಪಿ ಸ್ಟೇಟಸ್ ಎದುರಿನ ಟಿಕ್ ತೆಗೆಯಿರಿ. ಪ್ರಿಂಟರಿನ ಆರೋಗ್ಯ ವಿಚಾರಿಸುವ ಪ್ರಶ್ನೆ ಅದು, ಅದಕ್ಕೆ ಉತ್ತರ ಬರದಿದ್ದರೆ ವಿಂಡೋಸ್ ಪ್ರಿಂಟರೇ ಸತ್ತಿದೆ ಅಂದುಕೊಳ್ಳುತ್ತದೆ.

ಶೇರ್ ಮಾಡಿದ ಫೋಲ್ಡರ್ ಸಿಗುತ್ತಿಲ್ಲ ಅಂದರೆ ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಪಬ್ಲಿಕ್ ಅಂತಿದೆಯೋ ಪ್ರೈವೇಟ್ ಅಂತಿದೆಯೋ ನೋಡಿ. ರೂಟರ್ ಬದಲಾಯಿಸಿದರೆ ವಿಂಡೋಸ್ ಅದನ್ನು ಹೊಸ ಊರು ಅಂದುಕೊಂಡು ಪಬ್ಲಿಕ್ ಅಂತ ಗುರುತು ಹಾಕಿಕೊಂಡಿರುತ್ತದೆ, ಬಾಗಿಲೆಲ್ಲ ಮುಚ್ಚಿರುತ್ತದೆ. ನಿಮ್ಮದೇ ಮನೆ, ಅಂಗಡಿ ಆದರೆ ಪ್ರೈವೇಟ್ ಮಾಡಿ. ಫೈರ್‌ವಾಲನ್ನೇ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಪರೀಕ್ಷೆಗೆ ಎರಡು ನಿಮಿಷ ಮಾಡಿ ನೋಡಿ, ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.

ಹಂತ 8: ಬೇಲಿ ಹಾಕಿರುವುದು ಯಾರು?

ಇಬ್ಬರೂ ಒಂದೇ ಬೀದಿಯಲ್ಲಿದ್ದು ಒಬ್ಬರಿಗೊಬ್ಬರು ಸಿಗದ ಇನ್ನೊಂದಷ್ಟು ಸಂದರ್ಭ ಇವೆ. ಗೆಸ್ಟ್ ವೈಫೈಗೆ ಸೇರಿದ್ದರೆ ಇಂಟರ್ನೆಟ್ ಸಿಗುತ್ತದೆ, ಒಳಗಿನ ಡಿವೈಸ್‌ಗಳು ಸಿಗುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ರೂಟರಿನಲ್ಲಿ ಎಪಿ ಐಸೊಲೇಷನ್ ಅಂತ ಒಂದು ಸ್ವಿಚ್ ಇರುತ್ತದೆ, ಅದು ಆನ್ ಇದ್ದರೆ ವೈಫೈನಲ್ಲಿರುವವರು ಪರಸ್ಪರ ಮಾತಾಡುವಂತಿಲ್ಲ. ಕೇಬಲಿನಲ್ಲಿರುವ ಕಂಪ್ಯೂಟರಿಗೆ ಪ್ರಿಂಟರ್ ಸಿಗುತ್ತದೆ, ಮೊಬೈಲಿಗೆ ಸಿಗುವುದಿಲ್ಲ ಅಂದರೆ ಇದನ್ನು ನೋಡಿ.

ಮನೆಯಿಂದ ಕೆಲಸ ಮಾಡುವವರು ಕಂಪನಿಯ ವಿಪಿಎನ್ (ಕಂಪನಿಯ ನೆಟ್‌ವರ್ಕ್‌ಗೆ ಹೋಗುವ ಗುಪ್ತ ದಾರಿ) ಒಮ್ಮೆ ಆಫ್ ಮಾಡಿ ನೋಡಿ. ಅದು ಆನ್ ಇದ್ದಾಗ ಪಕ್ಕದ ಮೇಜಿನ ಪ್ರಿಂಟರಿಗೂ ಕಂಪನಿಯ ಕಡೆಯಿಂದ ಹೋಗಲು ನೋಡುವುದುಂಟು. ಐಫೋನಿನಲ್ಲಿ 2020ರ ಐಒಎಸ್ 14ರಿಂದ, ಮ್ಯಾಕ್‌ನಲ್ಲಿ 2024ರ ಸೆಕ್ವೊಯಾದಿಂದ, ಲೋಕಲ್ ನೆಟ್‌ವರ್ಕ್ ನೋಡಲು ಪ್ರತಿ ಆ್ಯಪಿಗೂ ನೀವು ಅನುಮತಿ ಕೊಡಬೇಕು. ಕ್ಯಾಮೆರಾ ಆ್ಯಪ್ ಹಾಕಿದಾಗ ಕೇಳಿದ ಪ್ರಶ್ನೆಗೆ ಅವಸರದಲ್ಲಿ ಬೇಡ ಅಂತ ಒತ್ತಿದ್ದರೆ ಆಮೇಲೆ ಎಷ್ಟು ಹುಡುಕಿದರೂ ಕ್ಯಾಮೆರಾ ಸಿಗುವುದಿಲ್ಲ. ಪ್ರೈವೆಸಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ.

ಎಲ್ಲ ಡಿವೈಸ್ ಒಟ್ಟಿಗೆ ನಿಂತು, ಸ್ವಿಚ್ಚಿನ ಲೈಟೆಲ್ಲ ದೀಪಾವಳಿ ಸರದ ಹಾಗೆ ಹುಚ್ಚಾಪಟ್ಟೆ ಮಿಣುಕುತ್ತಿದ್ದರೆ, ಯಾರೋ ಅನಾಥವಾಗಿ ಬಿದ್ದಿದ್ದ ಕೇಬಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದ್ದಾರೆ. ಕಸ ಗುಡಿಸುವಾಗ ಆಗುವ ಅಪಘಾತ ಇದು. ಕೀಳಿ, ಅಷ್ಟೇ.

ಹಂತ 9: ಮತ್ತೆ ಆಗದಂತೆ

ಪ್ರಿಂಟರ್, ಡಿವಿಆರ್ ಥರದವಕ್ಕೆ ವಿಳಾಸ ಬದಲಾಗಬಾರದು. ಒಂದೊಂದಕ್ಕೂ ಹೋಗಿ ಕೈಯಾರೆ ಕೊಡುವುದಕ್ಕಿಂತ ರೂಟರಿನಲ್ಲೇ ಡಿಎಚ್‌ಸಿಪಿ ರಿಸರ್ವೇಷನ್ ಮಾಡುವುದು ನನಗೆ ಇಷ್ಟ. ಈ ಮ್ಯಾಕ್‌ನವರಿಗೆ ಯಾವಾಗಲೂ ಈ ನಂಬರ್ ಅಂತ ಒಂದೇ ಕಡೆ ಬರೆದಿಡುವುದು. ಒಂದೇ ಪಟ್ಟಿ ಆಗಿರುವುದರಿಂದ ಒಂದು ನಂಬರ್ ಇಬ್ಬರಿಗೆ ಹೋಗುವ ಭಯವಿಲ್ಲ. ಕೈಯಾರೆ ಕೊಡಲೇಬೇಕು ಅಂದರೆ ರೂಟರ್ ಹಂಚುವ ಸಾಲಿನಿಂದ ಹೊರಗಿನ ನಂಬರ್ ಕೊಡಿ. ರೂಟರ್ 100ರಿಂದ 199 ಹಂಚುತ್ತಿದ್ದರೆ ನಿಮ್ಮದು 20, 21, 22. ಇನ್ನು ಮೊಬೈಲಿಗೆ ರಿಸರ್ವೇಷನ್ ಮಾಡುವವರು ಒಂದು ನೆನಪಿಡಿ: ಆಂಡ್ರಾಯ್ಡ್ 10ರಿಂದ, ಐಒಎಸ್ 14ರಿಂದ ಫೋನ್‌ಗಳು ವೈಫೈಗೆ ತಮ್ಮ ಅಸಲಿ ಮ್ಯಾಕ್ ಕೊಡದೆ ಒಂದು ಸುಳ್ಳು ಮ್ಯಾಕ್ ಕೊಡುತ್ತವೆ. ಮನೆಯ ವೈಫೈ ಮಟ್ಟಿಗೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ಆಮೇಲೆ ಒಂದು ಬಿಳಿ ಹಾಳೆ. ಡಿವೈಸ್ ಹೆಸರು, ಐಪಿ, ಮ್ಯಾಕ್, ಸ್ವಿಚ್ಚಿನ ಎಷ್ಟನೇ ಪೋರ್ಟ್, ನಾಲ್ಕೇ ಕಾಲಂ. ಗೆಳೆಯ ಅದನ್ನು ಲ್ಯಾಮಿನೇಷನ್ ಮಾಡಿ ಸ್ವಿಚ್ ಪಕ್ಕದ ಗೋಡೆಗೆ ಅಂಟಿಸಿದ್ದಾನೆ, ಲ್ಯಾಮಿನೇಷನ್ ಅವನದ್ದೇ ಅಂಗಡಿಯಲ್ಲಿ ಆಗುತ್ತದಲ್ವಾ. ಕೆಳಗೆ ಕೆಂಪು ಶಾಯಿಯಲ್ಲಿ "ಕ್ಯಾಮೆರಾದವರು ನನ್ನನ್ನು ಕೇಳದೆ ನಂಬರ್ ಹಾಕಬಾರದು" ಅಂತ ಬರೆದಿದ್ದಾನೆ.